ಅಗಸಿ ಹೂವಿನ ಮಸಿ

ಬರೆಯುವುದಕ್ಕೆ ಏನೂ ಇಲ್ಲದ ಮನುಷ್ಯನಿಗೆ ಅಷ್ಟೊಂದು ಪೆನ್ನು ಯಾಕೆ ಬೇಕು ಎಂದು ಈರಬಸಪ್ಪ ಕಾಕಾನನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಗುಡಗೇರಿ ಸ್ಟೇಶನ್ನಿನಲ್ಲಿ ಅವನು ಪಾಯಿಂಟ್ಸ್‌ಮನ್. ಬರುವ ಗಾಡಿಗೆ ಹಳಿ ಬದಲಿಸಿ ಕೊಡುವುದು, ಬಾವುಟ ತೋರಿಸುವುದು, ಕಂದೀಲಿಗೆ ಎಣ್ಣೆ ಹಾಕುವುದು ಅವನ ಕೆಲಸ. ವರ್ಷಕ್ಕೊಂದು ರಜೆಚೀಟಿ ಬರೆದರೆ ಹೆಚ್ಚು, ಅದನ್ನೂ ನನ್ನಿಂದ ತಿದ್ದಿಸಿಕೊಳ್ಳುತ್ತಿದ್ದ. ನಾನು ಅಣ್ಣಿಗೇರಿಯವಳು, ಗುಡಗೇರಿಯ ಕನ್ನಡ ಶಾಲೆಗೆ ಅಕ್ಕೋರಾಗಿ ಬಂದು ಅವನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಸಿಟ್ಟಾಗಬಾರದು. ನಮ್ಮ ಕಡೆ ಕಾಕಾನಿಗೂ ದೇವರಿಗೂ ಏಕವಚನವೇ.

ಪೆನ್ನುಗಳು ಅವನಿಗೆ ಸಿಗುತ್ತಿದ್ದುದು ಹಳಿಯ ಮೇಲೆ. ಕಿಟಕಿಯಿಂದ ಬಗ್ಗಿ ಚಹಾ ತೆಗೆದುಕೊಳ್ಳುವವರ ಅಂಗಿಯ ಕಿಸೆಯಿಂದ ಜಾರಿ ಬೀಳುತ್ತಿದ್ದವು. ಗಾಡಿ ಹೋದ ಮೇಲೆ ಹೆಕ್ಕಿ ತಂದು ಸ್ಟೇಶನ್ ಮಾಸ್ತರರ ಮೇಜಿನ ಮೇಲೆ ಇಡುವನು. ಒಂದು ಪೆನ್ನಿಗಾಗಿ ಯಾರು ಮರಳಿ ಗುಡಗೇರಿಗೆ ಬರುತ್ತಾರೆ? ಅಲ್ಲೇ ಧೂಳು ತಿಂದ ಮೇಲೆ ಮಾಸ್ತರರೇ ಒಯ್ಯಿ ಅನ್ನುತ್ತಿದ್ದರು. ನಿಬ್ಬು ಬಾಗಿದ್ದು, ಟೊಪ್ಪಿಗೆ ಒಡೆದದ್ದು, ಹೊಟ್ಟೆಯಲ್ಲಿ ಮಸಿ ಒಣಗಿ ಕಲ್ಲಾದದ್ದು. ರಜೆ ಸಿಕ್ಕಾಗ ಹುಬ್ಬಳ್ಳಿಗೆ ಹೋಗಿ, ಪೆನ್ನು ರಿಪೇರಿಯ ಬಾಷಾಸಾಬನ ಪೆಟ್ಟಿಗೆಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದರ ನಿಬ್ಬು ಇನ್ನೊಂದಕ್ಕೆ ಕೂಡಿಸಿಕೊಂಡು ಬರುತ್ತಿದ್ದ. ಎಂಬತ್ತನಾಲ್ಕನೆಯ ಇಸವಿ ಅದು. ನಮ್ಮ ಶಾಲೆಯ ಹುಡುಗರು ಕೂಡ ರಿಫಿಲ್ ಪೆನ್ನಿಗೆ ಇಳಿದಾಗಿತ್ತು. ಕಾಕಾ ಮಾತ್ರ ರಿಫಿಲ್ ಪೆನ್ನು ಸಿಕ್ಕರೆ ಹಳಿಯ ಮೇಲೆಯೇ ಬಿಟ್ಟು ಬರುತ್ತಿದ್ದ.

ಮಸಿ ಮಾಡುವುದು ಅವನ ಇನ್ನೊಂದು ಹುಚ್ಚು. ಶಾಯಿಗೆ ನಮ್ಮಲ್ಲಿ ಮಸಿ ಅಂತಲೇ ಹೆಸರು. ಬೋಗುಣಿಯ ತಳದ ಕಪ್ಪಿಗೂ ಅದೇ, ದೃಷ್ಟಿಯಾಗದಿರಲೆಂದು ಕೂಸಿನ ಗಲ್ಲಕ್ಕಿಡುವ ಬೊಟ್ಟಿಗೂ ಅದೇ. ಅವನು ಅಂಗಡಿಯ ಮಸಿಗುಳಿಗೆ ಕರಗಿಸುವನು, ಅಳಲೆಕಾಯಿ ಕುದಿಸಿ ಕಪ್ಪು ಇಳಿಸುವನು, ಜಾಲಿಯ ಅಂಟು ಹಾಕಿ ಮಂದ ಮಾಡುವನು. ಅವನಿಗೆ ಬೇಕಾದದ್ದು ಒಂದೇ ಬಣ್ಣ, ಅಗಸಿ ಹೂವಿನ ನೀಲಿ. ಹಿಂಗಾರಿಯಲ್ಲಿ ಎರೆಹೊಲದಲ್ಲಿ ಎಣ್ಣೆಕಾಳಿನ ಅಗಸಿ ಮುಂಜಾನೆ ಅರಳಿದಾಗ ನೋಡಿದವರಿಗೆ ಆ ಬಣ್ಣ ಗೊತ್ತು. ಮಧ್ಯಾಹ್ನಕ್ಕೆ ಉದುರಿ ಹೋಗಿರುತ್ತದೆ. ಅದನ್ನು ಶೀಶೆಯಲ್ಲಿ ಹಿಡಿದಿಡಬೇಕೆಂದು ಅವನು ವರ್ಷಗಟ್ಟಲೆ ಒದ್ದಾಡಿದ. ಒಮ್ಮೆ ಅಗಸರ ನೀಲಿಯಾಗುತ್ತಿತ್ತು, ಇನ್ನೊಮ್ಮೆ ಬದನೆಕಾಯಿ. ಇನ್ನೇನು ಹತ್ತಿರ ಬಂತು ಅನ್ನುವಾಗ ಮಳೆಗಾಲ ಬಂದು ಶೀಶೆಯೊಳಗೆ ಬೂಷ್ಟು ಬೆಳೆಯುತ್ತಿತ್ತು.

ಬೂಷ್ಟಿಗೆ ಬಾಷಾಸಾಬ ಒಂದು ಉಪಾಯ ಹೇಳಿಕೊಟ್ಟ. ಶೀಶೆಗೆ ಒಂದು ಹನಿ ಕಾರ್ಬಾಲಿಕ್ ಹಾಕಬೇಕು, ದವಾಖಾನೆಯ ನೆಲ ಒರೆಸಿದಾಗ ಬರುವ ವಾಸನೆಯ ಔಷಧ. ಒಂದು ಹನಿಯಿಂದ ಒಳ್ಳೆಯದಾಗುವುದಾದರೆ ಒಂದು ಚಮಚದಿಂದ ಇನ್ನೂ ಒಳ್ಳೆಯದು ಎನ್ನುವುದು ನಮ್ಮೂರ ವೈದ್ಯಶಾಸ್ತ್ರ. ಕಾಕಾ ಚಮಚದ ಲೆಕ್ಕದಲ್ಲೇ ಹಾಕಿದ. ಬೂಷ್ಟು ನಿಂತಿತು. ಮನೆಯೆಲ್ಲ ನಾರತೊಡಗಿತು. ನಾನು ಮೂಗು ಮುಚ್ಚಿಕೊಂಡು ಬೈದರೆ ಅವನು ನಿಜವಾಗಿಯೂ ಆಶ್ಚರ್ಯದಿಂದ, ವಾಸನೆ ಎಲ್ಲಿದೆ ಅಕ್ಕೋರೇ ಎಂದು ಕೇಳುತ್ತಿದ್ದ. ಅವನ ಮೂಗಿಗೆ ಅದು ಹೊಂದಿಕೊಂಡು ಬಿಟ್ಟಿತ್ತು.

ಅವನ ಹೆಂಡತಿ ಗುರವ್ವನಿಗೆ ಪೆನ್ನೂ ಬೇಡ, ಮಸಿಯೂ ಬೇಡ. ಅವಳ ಜೀವವೆಲ್ಲ ಬೆಳ್ಳವ್ವನ ಮೇಲೆ. ಬೆಳ್ಳವ್ವ ಅಂದರೆ ಅವರ ಬೆಕ್ಕು, ಮೈಯೆಲ್ಲ ಹಾಲಿನಂತೆ ಬಿಳಿ. ಮಕ್ಕಳಿಲ್ಲದ ಮನೆ ಅದು. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ, ಬೆಕ್ಕಿನ ಬಗ್ಗೆ ಇಬ್ಬರೂ ಮಾತಾಡುತ್ತಿದ್ದರು. ಕಾಕಾ ಮಸಿ ಕಲಸುವಾಗ ಬೆಳ್ಳವ್ವ ಅವನ ಎಡ ತೊಡೆಯ ಮೇಲೆ ಕೂತಿರಬೇಕು. ಇಲ್ಲದಿದ್ದರೆ ಅವನ ಕೈ ಓಡುತ್ತಿರಲಿಲ್ಲ. ಆ ವರ್ಷದ ಶ್ರಾವಣದಲ್ಲಿ ಅದು ಮೂರು ಮರಿ ಹಾಕಿತು. ಗುರವ್ವ ಬಾಣಂತಿಗೆ ಮಾಡುವ ಹಾಗೆಯೇ ಮಾಡಿದಳು. ಗಾಳಿ ಬೀಸದ ಮೂಲೆಯಲ್ಲಿ ಹಳೆಯ ಕೌದಿ ಹಾಸಿದಳು, ಹಾಲಿಗೆ ತುಪ್ಪ ಬಿಟ್ಟಳು, ಹೊರಗಿನವರು ನೋಡದಂತೆ ಅಡ್ಡ ಪರದೆ ಕಟ್ಟಿದಳು. ಪಕ್ಕದ ಮನೆಯ ತಾಯವ್ವ ಬಂದು ಎಷ್ಟು ಬೆಳ್ಳಗಿವೆ ಎಂದಾಗ ಗುರವ್ವನಿಗೆ ಅದು ಸರಿಬರಲಿಲ್ಲ. ಕಣ್ಣು ಬಿತ್ತು ಎಂದು ಸಂಜೆಯ ತನಕ ಗೊಣಗಿದಳು.

ಅದಾದ ಎರಡು ದಿನಕ್ಕೆ ಆ ಬಣ್ಣ ಬಂತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಾಕಾ ಪಡಸಾಲೆಯಲ್ಲಿ ಬೋಗುಣಿಯ ಮುಂದೆ ಕೂತವನು ಒಮ್ಮೆಲೇ ಎದ್ದು ನನ್ನನ್ನು ಕೂಗಿದ. ಹೋಗಿ ನೋಡಿದೆ. ತಪ್ಪು ಹೇಳಬಾರದು, ಥೇಟು ಅಗಸಿ ಹೂವೇ. ನಾನು ಹೌದು ಅಂದದ್ದಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಬೆಳ್ಳವ್ವ ಮರಿಗಳನ್ನು ಬಿಟ್ಟು ತನ್ನ ದಿನದ ಜಾಗಕ್ಕೆ, ಅವನ ತೊಡೆಯ ಮೇಲೆ ಕೂರಲು ಬಂತು. ತೊಡೆ ಎದ್ದು ನಿಂತಿತ್ತು. ಅದು ಬೋಗುಣಿಯ ಅಂಚಿಗೆ ಕಾಲಿಟ್ಟಿತು, ಬೋಗುಣಿ ಮಗುಚಿತು.

ನಾಲ್ಕೂ ಕಾಲು, ಹೊಟ್ಟೆ, ಬಾಲದ ತುದಿ ಎಲ್ಲ ನೀಲಿ. ಪಡಸಾಲೆಯ ಉದ್ದಕ್ಕೂ ನೀಲಿ ಹೆಜ್ಜೆ. ನಾವು ಮೂವರೂ ನಕ್ಕೆವು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಆವತ್ತು ಚೆಲ್ಲಾಟ ನಮ್ಮದು. ಕಾಕಾ ಒದ್ದೆ ಅರಿವೆ ತಂದು ಬೆಕ್ಕನ್ನು ಹಿಡಿದುಕೊಂಡ. ಗುರವ್ವ ಅವನ ಕೈ ಹಿಡಿದಳು.

"ಒರಸಬ್ಯಾಡ್ರಿ. ಬಾಣಂತಿ ಐತಿ. ಮಸಿ ಹತ್ತಿದ್ದು ಚಲೋನ ಆತು, ಇನ್ನ ಯಾರ ನೆದರೂ ಆಗೂದಿಲ್ಲ."

ಕೂಸಿಗೆ ಒಂದು ಬೊಟ್ಟು ಮಸಿ ಸಾಕಾಗುವಾಗ ಮೈತುಂಬ ಮಸಿ ಬಿದ್ದರೆ ಯಾವ ಕಣ್ಣು ಏನು ಮಾಡೀತು? ಅವಳು ಅಂದದ್ದರಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಕಾಕಾ ಅರಿವೆಯನ್ನು ಬದಿಗಿಟ್ಟು, ನೆಲದ ಮೇಲಿನ ಹೆಜ್ಜೆಗಳು ಒಣಗಿದ ಮೇಲೆ ಬಣ್ಣ ಹೇಗೆ ಕಾಣುತ್ತದೆಂದು ಬಗ್ಗಿ ನೋಡುತ್ತ ಕೂತ. ಬೆಳ್ಳವ್ವ ಕೌದಿಯ ಮೇಲೆ ಮಲಗಿ ತನ್ನ ಕಾಲನ್ನು ತಾನೇ ನೆಕ್ಕಿ ನೆಕ್ಕಿ ಬಿಳುಪು ಮಾಡಿಕೊಂಡಿತು. ಮರಿಗಳು ಆ ನೀಲಿ ಹೊಟ್ಟೆಗೇ ಬಾಯಿ ಹಾಕಿದ್ದವು.

ರಾತ್ರಿಯಿಂದ ಬೆಳ್ಳವ್ವನ ಬಾಯಿಂದ ಜೊಲ್ಲು ಸುರಿಯತೊಡಗಿತು. ಬೆಳಗಿಗೆ ಮೈ ನಡುಗುತ್ತಿತ್ತು, ಎದ್ದರೆ ಹಿಂಗಾಲು ಮಡಚಿ ಬೀಳುತ್ತಿತ್ತು. ಊರಿನ ವೈದ್ಯವೆಲ್ಲ ಆಯಿತು. ತಾಯವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒಬ್ಬರು ಮಜ್ಜಿಗೆ ಅಂದರು, ಒಬ್ಬರು ಸುಟ್ಟ ಬೆಳ್ಳುಳ್ಳಿ ಅಂದರು. ಅದು ಯಾವುದನ್ನೂ ನುಂಗಲಿಲ್ಲ. ಕಾಕಾ ಪಾಳಿ ಬದಲಿಸಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿ ಕುಂದಗೋಳಕ್ಕೆ, ದನದ ಡಾಕ್ಟರ ಕಡೆಗೆ ಹೋದ. ಎತ್ತು ಎಮ್ಮೆಯ ನಡುವೆ ನಿಂತು ಬೆಕ್ಕಿಗೆ ಔಷಧ ಕೇಳಿದವನನ್ನು ನೋಡಿ ಅಲ್ಲಿದ್ದವರು ನಕ್ಕರಂತೆ. ಡಾಕ್ಟರು ನಗಲಿಲ್ಲ. ಏನು ನೆಕ್ಕಿದೆ ಎಂದು ಕೇಳಿ, ಕಾರ್ಬಾಲಿಕ್ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ಬೆಕ್ಕಿಗೆ ಅದು ವಿಷ, ಮೈಯೊಳಗೆ ಹೋದ ಮೇಲೆ ತನ್ನ ಹತ್ತಿರ ಏನೂ ಇಲ್ಲ, ಚೆಲ್ಲಿದ ಕೂಡಲೇ ಒರೆಸಿ ತೊಳೆದಿದ್ದರೆ ಉಳಿಯುತ್ತಿತ್ತು ಎಂದರು.

ಇದನ್ನು ಕಾಕಾ ನನಗೆ ಹೇಳಿದ್ದು ಪ್ಲಾಟ್‌ಫಾರ್ಮಿನ ಮೇಲೆ, ಗಾಡಿ ಇಳಿದ ಕೂಡಲೇ. ಬೆಕ್ಕು ಹೋಯಿತು ಎಂದು ತಿಳಿಸಲು ನಾನೇ ಎದುರು ಹೋಗಿದ್ದೆ. ಅವನು ಕಲ್ಲಿನ ಬೆಂಚಿನ ಮೇಲೆ ಕೂತ. ಆ ಮಸಿಯ ಹುಚ್ಚಿಗಾಗಿ ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಬಾಯಿ ತುಂಬ ಬೈಯಬೇಕೆಂದು ಬಂದಿದ್ದೆ. ಆ ಮುಖ ನೋಡಿ ಬೈಯಲಾಗಲಿಲ್ಲ.

"ಒರಸಿದ್ರ ಉಳೀತಿತ್ತು ಅಂದದ್ದು ಆಕಿಗೆ ಹೇಳಬ್ಯಾಡ್ರಿ ಅಕ್ಕೋರ," ಎಂದ. ನಾನು ಹೇಳಲಿಲ್ಲ.

ಮೂರು ಮರಿ ಉಳಿದಿದ್ದವು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವುಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಗುರವ್ವ ಸೆರಗು ಕಟ್ಟಿ ಕೂತಳು. ಹಾಲು ಹನಿ ಹನಿಯಾಗಿ ಬಿಡಬೇಕು. ಪೆನ್ನಿಗೆ ಮಸಿ ತುಂಬುವ ರಬ್ಬರು ಬುರುಡೆಯ ಗಾಜಿನ ಫಿಲ್ಲರು ಕೇಳಿದಳು. ಮನೆಯ ತುಂಬ ಫಿಲ್ಲರುಗಳು. ಕಾಕಾ ಎಲ್ಲವನ್ನೂ ಕುದಿಯುವ ನೀರಿನಲ್ಲಿ ತೊಳೆದು ತಂದು ಸಾಲಾಗಿ ಇಟ್ಟ. ಗುರವ್ವ ಒಂದೊಂದನ್ನೇ ಮೂಗಿಗೆ ಹಿಡಿದು ಬದಿಗಿಟ್ಟಳು. ಕಾಕಾ ತಾನೂ ಮೂಸಿ, ಏನೂ ಬರುತ್ತಿಲ್ಲವಲ್ಲ ಎಂದು ನನ್ನ ಮುಂದೆ ಹಿಡಿದ. ಬರುತ್ತಿತ್ತು. ರಬ್ಬರು ಆ ವಾಸನೆಯನ್ನು ಕುಡಿದು ಕೂತಿತ್ತು. ಹುಲಿಯ ಹೊಟ್ಟೆಗೂ ಹಾಲು ಹನಿಸಬಹುದಾದಷ್ಟು ಫಿಲ್ಲರುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಕಡೆಗೆ ಗುರವ್ವ ದೇವರ ಮುಂದಿನ ಹೂಬತ್ತಿ ತೆಗೆದು, ಹಾಲಿಗೆ ಅದ್ದಿ, ಮರಿಯ ಬಾಯಿಗಿಟ್ಟಳು. ಅದು ಚೀಪಿತು. ಕಾಕಾ ಇನ್ನೊಂದು ಮರಿ ಎತ್ತಿಕೊಳ್ಳಲು ಕೈ ಚಾಚಿದ. ಉಗುರಿನ ಸಂದಿಯಲ್ಲೆಲ್ಲ ನೀಲಿ.

"ನೀವು ಮುಟ್ಟಬ್ಯಾಡ್ರಿ," ಎಂದಳು ಗುರವ್ವ.

ಸಿಟ್ಟಿನಿಂದ ಅಂದದ್ದಲ್ಲ ಅದು. ಸಿಟ್ಟಿನಿಂದ ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬಚ್ಚಲಿಗೆ ಹೋಗಿ ಬೂದಿಯಿಂದ ತಿಕ್ಕಿದ, ಹುಣಸೆಹಣ್ಣಿನಿಂದ ತಿಕ್ಕಿದ, ಸೀಗೆಪುಡಿಯಿಂದ ತಿಕ್ಕಿದ. ಅಂಗೈ ಕೆಂಪಾಯಿತು, ಸಂದಿಯ ನೀಲಿ ಹೋಗಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅನ್ನುವ ಗಾದೆಯನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಬರೆಸಿದ್ದೇನೆ. ಕಣ್ಣಾರೆ ಕಂಡದ್ದು ಆಗಲೇ.

ಮನೆಯಲ್ಲಿ ಮಾಡಲು ಏನೂ ಇಲ್ಲದ್ದರಿಂದ ಅವನು ಊರವರ ಮಾತಿಗೆ ಕಿವಿಗೊಟ್ಟ. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ತಾಯವ್ವ ಹೇಳಿದ್ದಳು. ಅವನ ಹತ್ತಿರ ಬಂಗಾರದ ನಿಬ್ಬಿನ ಒಂದು ಪೆನ್ನಿತ್ತು, ಯಾರೋ ದೊಡ್ಡವರ ಕಿಸೆಯಿಂದ ಬಿದ್ದದ್ದು. ಹಬ್ಬಕ್ಕೊಮ್ಮೆ ತೆಗೆದು ಶ್ರೀ ಎಂದು ಬರೆದು ಒಳಗಿಡುತ್ತಿದ್ದ. ಅದರ ನಿಬ್ಬು ಕಿತ್ತುಕೊಂಡು ಪತ್ತಾರನ ಅಂಗಡಿಗೆ ಹೋದ. ಪತ್ತಾರ ಒರೆಗಲ್ಲಿಗೆ ತಿಕ್ಕಿ ನೋಡಿ, ಇದರಲ್ಲಿ ಬೆಕ್ಕಿನ ಉಗುರೂ ಆಗುವುದಿಲ್ಲ ಎಂದು ವಾಪಸು ಕೊಟ್ಟನಂತೆ. ಅವನು ಬರುವುದರೊಳಗೆ ಒಂದು ಮರಿ ಹೋಗಿತ್ತು. ಮರುದಿನ ಇನ್ನೊಂದು ಹೋಯಿತು.

ಮೂರನೆಯದು ಗಟ್ಟಿ. ಅದು ಬತ್ತಿ ಚೀಪುವ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು. ಅದು ಕಣ್ಣೂ ಬಿಟ್ಟಿತು. ಕಾಕಾ ಡ್ಯೂಟಿ ಮುಗಿಸಿ ಬಂದವನು ಹೊಸ್ತಿಲ ಹೊರಗೇ ಕೂತು, ಕುಡಿಯಿತೇ ಎಂದು ಕೇಳುವನು. ಗುರವ್ವ ಹೂಂ ಅನ್ನುವಳು. ಅವನು ಎರಡೂ ಕೈ ಅವಳ ಮೂಗಿನ ಮುಂದೆ ಹಿಡಿಯುವನು. ಅವಳು ಮೂಸಿ ನೋಡಿ, ಸುಳ್ಳು ಹೇಳಲು ಬಾರದ ಹೆಂಗಸು, "ಇನ್ನೂ ಐತ್ರಿ" ಅನ್ನುವಳು. ಅವನು ಎದ್ದು ಮತ್ತೆ ಬಚ್ಚಲಿಗೆ ಹೋಗುವನು. ಹೀಗೇ ಆ ವಾರ ನಡೆಯಿತು.

ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಮರಿ ಗುರವ್ವನ ಮಡಿಲಲ್ಲಿತ್ತು, ಬತ್ತಿ ಅದರ ತುಟಿಯ ಮೇಲಿತ್ತು. ಕಾಕಾ ಹೊಸ್ತಿಲಲ್ಲಿ ಕೂತಿದ್ದ. ಗುರವ್ವ ತಲೆ ಎತ್ತದೆ ಕೇಳಿದಳು:

"ಅವತ್ತ ನಾ ಬ್ಯಾಡ ಅನ್ನದಿದ್ರ ನೀವು ಒರಸ್ತಿದ್ರಿ. ಹೌದಲ್ರಿ?"

ಅವಳಿಗೆ ಯಾರೂ ಹೇಳಿರಲಿಲ್ಲ. ಮಡಿಲಲ್ಲಿ ಮರಿ ಹಿಡಿದು ಅಷ್ಟು ದಿನ ಕೂತವಳಿಗೆ ಯಾರು ಹೇಳಬೇಕು?

"ಇಲ್ಲ," ಎಂದ ಕಾಕಾ. "ನಾ ಒರಸ್ತಿದ್ದಿಲ್ಲ. ಬಣ್ಣಾ ಭಾಳ ಚಲೋ ಬಂದಿತ್ತು. ನನಗ ಅದನ್ನ ನೋಡಬೇಕಾಗಿತ್ತು."

ಅದು ಸುಳ್ಳೋ ಖರೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿತ್ತು ಅನ್ನಿಸುವುದಿಲ್ಲ.

ಗುರವ್ವ ಬತ್ತಿಯನ್ನು ಇನ್ನೊಮ್ಮೆ ಹಾಲಿಗೆ ಅದ್ದಿ ಮರಿಯ ಬಾಯಿಗೆ ಹಿಡಿದಳು. ಹಾಲು ಗಲ್ಲದಿಂದ ಇಳಿದು ಅವಳ ಸೀರೆಗೆ ಹೋಯಿತು. ಆಮೇಲೆ ತಣ್ಣಗಾಗಿದ್ದ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಗಂಡನ ಕಡೆಗೆ ಚಾಚಿದಳು.

"ತಗೋರಿ," ಎಂದಳು. "ಇನ್ನ ನೀವು ಮುಟ್ಟಿದ್ರ ಏನೂ ಆಗೂದಿಲ್ಲ."