ಎಷ್ಟು ಬಾಗ್ಲು ಕಾಯ್ತದೆ, ಪಾವಂ

ಆರ್.ಎಸ್. ಪುರಂನಲ್ಲಿ ನಮ್ಮ ಎದುರುಮನೆಯಲ್ಲಿದ್ದಾಕೆ ಕರುಮತ್ತಂಪಟ್ಟಿಯ ನೇಕಾರರ ಮಗಳು. ಸಂಜೆಯ ನ್ಯೂಸ್ ನೋಡಲು ನಮ್ಮಲ್ಲಿಗೇ ಬರುತ್ತಿದ್ದಳು. ಸೂಪರ್ ಪವರ್ ಅಮೆರಿಕದ ಮೇಲೆ ಅವಳಿಗೆ ಮರುಕ.

“ಆ ಕಡೆ ರಷ್ಯಾ, ಈ ಕಡೆ ಚೀನಾ, ನಡುವೆ ಕೆಂಪು ಸಮುದ್ರ. ಒಂದೇ ದೇಶ ಎಷ್ಟು ಬಾಗ್ಲು ಕಾಯ್ತದೆ ಅಕ್ಕಾ, ಪಾವಂ!”

“ಪಾಪ ಏನು ಬಂತೇ? ಎಲ್ಲ ಸೆಲ್ಫ್-ಇಂಟರೆಸ್ಟ್. ಅದೇ ಫಾರಿನ್ ಪಾಲಿಸಿ,” ಎಂದು ನಗುತ್ತಿದ್ದೆ.

ಆಮೇಲೆ ನನ್ನ ಮೊಮ್ಮಗನಿದ್ದ ಸರಕು ಹಡಗು ಅದೇ ಕೆಂಪು ಸಮುದ್ರಕ್ಕೆ ಹೊರಟಿತು. ಅಲ್ಲಿ ಹಡಗುಗಳ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದವು. ಅಮೆರಿಕದ ನೌಕಾಪಡೆಯ ಕಾವಲೊಂದೇ ಧೈರ್ಯ. ಹೆದರಿಕೆಯಲ್ಲಿ ನಾನು ರಂಗೋಲಿ ಹಾಕುವುದನ್ನೇ ಬಿಟ್ಟೆ. ನಮ್ಮ ಕಡೆ ರಂಗೋಲಿಯಿಲ್ಲದ ಬಾಗಿಲೆಂದರೆ ಸಾವಿನ ಮನೆ.

ಮರುದಿನ ಬೆಳಿಗ್ಗೆ ಅವಳು ನಮ್ಮ ಗೇಟಿನ ಮುಂದೆ ಕೂತು ಚುಕ್ಕಿ ಇಡುತ್ತಿದ್ದಳು.

“ಸಮುದ್ರದ ಬಾಗ್ಲು ಅವ್ರು ಕಾಯ್ಲಿ. ಇದನ್ನ ನಾನು ನೋಡ್ಕೋತೀನಿ. ನೀವು ಹೋಗಿ ಕಾಪಿ ಕುಡೀರಿ.”

ಹಡಗು ದಾಟಿತೆಂದು ಫೋನ್ ಬರುವವರೆಗೂ ಎರಡು ಮನೆಗೂ ಅವಳದೇ ರಂಗೋಲಿ. ಥ್ಯಾಂಕ್ಸ್ ಹೇಳಲು ಓಡಿದರೆ ರಂಗೋಲಿ ಹಿಟ್ಟಿನ ಡಬ್ಬಿ ಕೈಗಿಟ್ಟಳು.

“ನಾಳೆ ನಮ್ಮ ಬಾಗ್ಲಿಗೂ ನೀವೇ ಹಾಕಿ ಅಕ್ಕಾ. ನನ್ನ ಮೊಣಕಾಲು ಹೋಯ್ತು!”

ಈಗ ಅವಳು ಉಡುಮಲೈಪೇಟೆಯಲ್ಲಿ ಮಗಳ ಜೊತೆ ಇದ್ದಾಳೆ, ಎದುರುಮನೆಗೆ ಬೀಗ. ಇವತ್ತೂ ಎರಡು ಬಾಗಿಲಿಗೂ ರಂಗೋಲಿ ಹಾಕಿಯೇ ಕಾಫಿಗೆ ಕೂತೆ.