ಸತ್ತ ಸ್ಪೀಕರಿಗೆ ಜೀವ ಕೊಡುವ ರಾಮಲಕ್ಷ್ಮಮ್ಮ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಹಾಲಿನವನೇ ಬಂದಿಲ್ಲ. ರಾಮಲಕ್ಷ್ಮಮ್ಮ ಆಗಲೇ ಅಂಗಡಿಯ ಬಾಗಿಲಲ್ಲಿ ಚಾಪೆ ಹಾಸಿ ಕೂತಿದ್ದಾರೆ. ತೊಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್. ಅದರ ಕಾಗದದ ಕೋನ್ ಹರಿದಿದೆ, ಒಳಗಿನ ಕಾಯಿಲ್ ಸುಟ್ಟು ಕರಕಲಾಗಿದೆ. ಅದನ್ನು ತಂದ ಹೆಣ್ಣುಮಕ್ಕಳ ಹಾಸ್ಟೆಲಿನ ಅನಸೂಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ಉಗುರು ಕಚ್ಚುತ್ತಿದ್ದಾಳೆ.

ಸಂಜೆ ಹಾಸ್ಟೆಲ್ ಡೇ. ಕೋಲಾಟದ ಹಾಡು ಕ್ಯಾಸೆಟ್ಟಿನಲ್ಲಿದೆ, ಟೇಪ್‌ರೆಕಾರ್ಡರ್ ವಾರ್ಡನ್ ಅವರದು. ಸ್ಪೀಕರ್ ಮಾತ್ರ ಹುಡುಗಿಯರ ಸ್ವಂತದ್ದು. ಸಿನಿಮಾ ಬಿಟ್ಟು, ಬಳೆ ಬಿಟ್ಟು ಕೂಡಿಸಿದ ಕಾಸಿನಲ್ಲಿ ನಂಗಲಿಯ ಲಾರಿ ಗುಜರಿಯಿಂದ ಕೊಂಡು ತಂದದ್ದು. ಇದು ಹಾಡದಿದ್ದರೆ ಹುಡುಗರ ಹಾಸ್ಟೆಲಿನಿಂದ ಸ್ಪೀಕರ್ ತರಿಸುತ್ತೇನೆಂದು ವಾರ್ಡನ್ ಹೇಳಿಬಿಟ್ಟಿದ್ದಾರೆ. ಆ ಹುಡುಗರು ಕೊಟ್ಟು ಸುಮ್ಮನಿರುವವರೇ? ವರ್ಷವಿಡೀ ಆಡಿಕೊಂಡು ನಗುತ್ತಾರೆ. ಅನಸೂಯಳಿಗೆ ಇರುವ ಸಂಕಟ ಅದೊಂದೇ.

“ಇದಕ್ಕೇನೇ ಮೆತ್ತಿದ್ದೀರಿ?” ರಾಮಲಕ್ಷ್ಮಮ್ಮ ಕೋನನ್ನು ಮೂಸಿ ನೋಡುತ್ತಾರೆ.

“ರಾಗಿ ಅಂಬಲಿ ಅಕ್ಕಾ. ಮೆಸ್ಸಲ್ಲಿ ಅದೇ ಸಿಕ್ಕಿದ್ದು. ರಾತ್ರಿ ಜಿರಲೆ ತಿಂದ್ಬಿಟ್ಟಿದಾವೆ.”

ರಾಮಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಬೇಜಾರು ಮಾಡ್ಕೋಬ್ಯಾಡ ತಲ್ಲೀ. ನಾನೂ ಮೊದಮೊದಲು ಅದ್ನೇ ಮಾಡಿದ್ದು. ನಮ್ದನ್ನ ಇಲಿ ತಿಂದಿತ್ತು. ತಾಳಿ ಕಟ್ಟೋ ಹೊತ್ಗೆ ಸರಿಯಾಗಿ ನಾದಸ್ವರ ಬುಸ್ ಅಂತು! ಮದ್ವೆಮನೆಯೋರು ನಮ್ ಯಜಮಾನ್ರನ್ನ ಊಟಕ್ಕೂ ಕರೀಲಿಲ್ಲ.”

ಊಟ ತಪ್ಪಿಸಿಕೊಂಡ ಆ ಯಜಮಾನರು ಚನ್ನರಾಯಪ್ಪ. ಮದುವೆ, ಜಾತ್ರೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ಅಂಗಡಿಯ ಬೋರ್ಡಿನಲ್ಲಿರುವುದು ಅವರ ಹೆಸರೇ. ಕಂಬ ಹತ್ತಿ ಹಾರ್ನ್ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಕಾಯಿಲ್ ಸುತ್ತಲು ಕೂತರೆ ಅವರ ಕೈಯಲ್ಲಿ ತಂತಿ ಪಟಪಟನೆ ಹರಿಯುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ರಾಮಲಕ್ಷ್ಮಮ್ಮ ನೋಡುವಷ್ಟು ನೋಡಿ, “ಕೊಡಿ ಇಲ್ಲಿ” ಎಂದು ಕಿತ್ತುಕೊಂಡರು. ಅಂದಿನಿಂದ ಆ ಕೆಲಸ ಅವರದೇ. ತಾಯಲೂರಿನ ತವರಿನಲ್ಲಿ ಕುದಿಯುವ ನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆದ ಬೆರಳುಗಳು ಅವು. ತುದಿಯ ಚರ್ಮ ಈಗಲೂ ಸುಕ್ಕುಗಟ್ಟಿದೆ.

“ಗೂಡಿನ ಎಳೆ ಮುಂದೆ ಈ ತಂತಿ ಹಗ್ಗ ಇದ್ದಂಗೆ” ಎನ್ನುತ್ತಾರೆ.

ಎಂಬತ್ತನಾಲ್ಕನೆಯ ಇಸವಿ ಬಂದರೂ ಹೊಸ ಗಿರಾಕಿಗಳು ಅಂಗಡಿಯೊಳಗೆ ಇಣುಕಿ, “ಗಂಡಸ್ರು ಯಾರೂ ಇಲ್ವೇನಮ್ಮಾ?” ಎಂದು ಕೇಳುವುದು ತಪ್ಪಿಲ್ಲ.

“ಅವ್ರೆ, ಕಂಬದ ಮೇಲೆ. ಇಳಿದು ಬಂದ್ರೂ ನನ್ ಕೈಗೇ ಕೊಡೋದು” ಎಂಬುದು ಇವರ ಸಿದ್ಧ ಉತ್ತರ. ದಿನಕ್ಕೆ ನಾಲ್ಕೈದು ಸ್ಪೀಕರ್ ಬರುತ್ತವೆ, ಗಣೇಶನ ಹಬ್ಬದಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕೋಲಾರ, ಶ್ರೀನಿವಾಸಪುರದ ಕಾಲೇಜು ಹುಡುಗರೂ ಗೋಣಿಚೀಲದಲ್ಲಿ ಸ್ಪೀಕರ್ ಹೊತ್ತು ಬಸ್ಸಿಳಿಯುತ್ತಾರೆ.

“ಓದೋ ಮಕ್ಕಳ ಹತ್ರ ಏನಿರ್ತದೆ? ಹೊಸದು ತಗೊಳ್ಳಿ ಅಂದ್ರೆ ಎಲ್ಲಿಂದ ತರ್ತಾರೆ? ಇನ್ನೊಂದು ಸತ್ತಿರೋ ಸ್ಪೀಕರ್ ಹುಡುಕ್ಕೊಂಡು ಬನ್ನಿ ಅಂತೀನಿ. ಎರಡು ಸತ್ತಿದ್ರಲ್ಲಿ ಒಂದು ಬದುಕ್ತದೆ.”

ಅನಸೂಯಳ ಪುಣ್ಯಕ್ಕೆ ಇಂಥದೊಂದು ಹೆಣ ಮೂಲೆಯಲ್ಲೇ ಬಿದ್ದಿದೆ. ರಾಮಲಕ್ಷ್ಮಮ್ಮ ಅದರ ಕೋನ್ ಬಿಡಿಸಿ, ಹೊಸ ಕಾಯಿಲ್ ಸುತ್ತಿ, ಅನಸೂಯಳ ಸ್ಪೀಕರಿನ ಅಯಸ್ಕಾಂತದ ಸಂದಿಯಲ್ಲಿ ಕೂರಿಸುತ್ತಾರೆ. ಕಾಯಿಲ್ ಒಂದು ಕೂದಲೆಳೆ ಪಕ್ಕಕ್ಕೆ ವಾಲಿದರೂ ಉಜ್ಜಿ ಕರಕರ ಅನ್ನುತ್ತದೆ. ಅದಕ್ಕೇ ಸುತ್ತಲೂ ಹಳೇ ಎಕ್ಸ್‌ರೇ ಹಾಳೆಯ ಪಟ್ಟಿ ತೂರಿಸಿ, ನಟ್ಟನಡುವೆ ನಿಲ್ಲಿಸಿ ಗೋಂದು ಹಚ್ಚುತ್ತಾರೆ.

“ಒಣಗ್ತಾ ಅಕ್ಕಾ?” ಅನಸೂಯಳಿಗೆ ತಡೆಯುವುದಿಲ್ಲ.

“ನೀನು ಬಗ್ಗಿ ಬಗ್ಗಿ ನೋಡಿದ್ರೆ ಒಣಗ್ತದೇನೇ? ಹೋಗಿ ಸ್ನಾನ ಮಾಡ್ಕೊಂಡು ಬಾ.”

ಮಧ್ಯಾಹ್ನ ಪಟ್ಟಿಗಳನ್ನು ಎಳೆದು, ಟಾರ್ಚಿನ ಸೆಲ್ಲಿಗೆ ತಂತಿ ಮುಟ್ಟಿಸಿದಾಗ ಸ್ಪೀಕರ್ ‘ಟಕ್’ ಎನ್ನುತ್ತದೆ. ಅನಸೂಯ ಓಣಿಯಲ್ಲೇ ಒಂದು ಸುತ್ತು ಕುಣಿದು, ಅದನ್ನು ಕೂಸಿನಂತೆ ಎತ್ತಿಕೊಂಡು ಓಡುತ್ತಾಳೆ. ಆದರೆ ‘ಟಕ್’ ಅಂದದ್ದೆಲ್ಲ ಹಾಡುವುದಿಲ್ಲ ಎಂಬುದು ರಾಮಲಕ್ಷ್ಮಮ್ಮನಿಗೆ ಗೊತ್ತು. ಸಂಜೆ ಸೀರೆ ಬದಲಿಸಿ ಹಾಸ್ಟೆಲಿನ ಅಂಗಳಕ್ಕೆ ಬಂದು, ಕಡೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಹಾಡು ಶುರುವಾಗುತ್ತದೆ, ಕೋಲುಗಳು ತಾಳಕ್ಕೆ ಸರಿಯಾಗಿ ಬೀಳುತ್ತವೆ. ಕಾಂಪೌಂಡಿನಾಚೆ ಆಡಿಕೊಳ್ಳಲೆಂದು ನಿಂತ ಹುಡುಗರೂ ಕೈ ತಟ್ಟತೊಡಗುತ್ತಾರೆ.

ಆಟ ಮುಗಿದದ್ದೇ ಅನಸೂಯ ಏದುಸಿರು ಬಿಡುತ್ತಾ ಬರುತ್ತಾಳೆ. “ಅಕ್ಕಾ, ಹಾಡು ಹೆಂಗಿತ್ತು?”

“ಯಾವ ಹಾಡೋ ಗೊತ್ತಾಗ್ಲಿಲ್ಲ ಕಣೇ” ಎಂದು ರಾಮಲಕ್ಷ್ಮಮ್ಮ ನಗುತ್ತಾರೆ. “ಕರಕರ ಎಲ್ಲೈತೆ ಅಂತ ಹುಡುಕ್ತಾನೇ ಇದ್ದೆ. ಕೊನೇವರ್ಗೂ ಸಿಗ್ಲೇ ಇಲ್ಲ.”