ಕಾಕಾನ ಶಾಲು, ಸಿಸ್ಟರಿನ ಸೀನು

ನಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ಸೀನಿದರೆ ಉಳಿದವರು "ಶಾಲು ಹೊದ್ಕೋರಿ" ಎನ್ನುತ್ತೇವೆ. ಹೊಸದಾಗಿ ಬಂದ ಸೊಸೆಯಂದಿರು ಕಣ್ಣು ಕಣ್ಣು ಬಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಅಪ್ಪನ ತಮ್ಮ, ನಮ್ಮ ಕಾಕಾ, ಬೋಲಪಟಗಳಲ್ಲಿ ಪಾತ್ರ ಮಾಡುತ್ತಿದ್ದರು. ಮಾತಾಡುವ ಸಿನೇಮಾಕ್ಕೆ ಆಗ ನಾವು ಬೋಲಪಟ ಎನ್ನುತ್ತಿದ್ದೆವು. ನಾಯಕನ ಪಾತ್ರಕ್ಕೆ ಅವರ ಮೂಗು ಒಪ್ಪಲಿಲ್ಲ. ನಾಯಕಿಯ ಅಪ್ಪ, ಊರ ಗೌಡ, ಕುರುಡ ಭಿಕ್ಷುಕ, ಜಿಪುಣ ಮಾವ, ಅರೆಹುಚ್ಚ ವೈದ್ಯ, ಹೀಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. ಒಬ್ಬನ ನಡಿಗೆ ಇನ್ನೊಬ್ಬನಿಗೆ ಇರುತ್ತಿರಲಿಲ್ಲ. ಗೋಕಾಕಿನ ಜನ ಸಿನೇಮಾ ಮುಗಿಸಿ ಹೊರಬಂದು, "ನಿಮ್ಮ ಕಾಕಾ ಎಲ್ಲಿ ಬಂದ್ರು? ನಮಗ ಕಾಣಲೇ ಇಲ್ಲಲ್ಲ!" ಎಂದು ನಮ್ಮನ್ನು ಕೇಳುತ್ತಿದ್ದರು. ನಾವು ಮಾತ್ರ ಥಟ್ಟನೆ ಗುರುತಿಸುತ್ತಿದ್ದೆವು. ಯಾವ ವೇಷದಲ್ಲಿದ್ದರೂ ಅವರ ಎದೆ ಮುಚ್ಚಿರುತ್ತಿತ್ತು. ಸುಡುಬಿಸಿಲಿನಲ್ಲಿ ಕೂತ ಭಿಕ್ಷುಕನಿಗೂ ಒಂದು ಕಂಬಳಿ!

ಇದಕ್ಕೆ ಕಾರಣ ಆಯಿ, ಅಂದರೆ ಅವರ ತಾಯಿ, ನನ್ನ ಅಜ್ಜಿ. ಕಾಕಾ ನಾಟಕ ಕಂಪನಿ ಸೇರಲು ಹೊರಟಾಗ ಆಯಿ ಅಳಲಿಲ್ಲ, ತಡೆಯಲಿಲ್ಲ. ಒಂದೇ ಮಾತು ಹೇಳಿದರಂತೆ: "ಬಣ್ಣಾ ಹಚ್ಕೋ, ಮೀಸಿ ಬೋಳಿಸ್ಕೋ, ಬೇಕಾರ ಸೀರೀನೂ ಉಟ್ಕೋ. ಎದಿಮ್ಯಾಲಿನ ಲಿಂಗ ಮಾತ್ರ ತಗೀಬ್ಯಾಡ." ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ ಸಾಯುವತನಕ ಮೈ ಬಿಡಬಾರದು ಎಂಬುದು ನಮ್ಮ ಮನೆತನದ ನಡೆ. ಕಾಕಾ ಆಯಿಯ ಪಾದ ಮುಟ್ಟಿ ಮಾತು ಕೊಟ್ಟರು. ಲಿಂಬೆಹಣ್ಣಿನಷ್ಟು ದೊಡ್ಡ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಅವರ ಎದೆಯ ಮೇಲೆಯೇ ಉಳಿಯಿತು.

ನಾಟಕದಲ್ಲಿ ಇದರಿಂದ ತೊಂದರೆಯಾಗಲಿಲ್ಲ. ರಾಜನಿಗೂ ರಾಕ್ಷಸನಿಗೂ ಮೈತುಂಬ ಜರಿಯ ಅಂಗಿ. ಆಮೇಲೆ ಕಾಕಾ ಕೊಲ್ಲಾಪುರಕ್ಕೆ ಹೋಗಿ ಬೋಲಪಟ ಸೇರಿದರು. ಎರಡು ವರ್ಷ ಗುಂಪಿನಲ್ಲಿ ನಿಂತರು. "ಜಾತ್ರಿ ಸೀನಿನ್ಯಾಗ ಬಲಗಡಿಯಿಂದ ಮೂರನೇ ರುಮಾಲು ನಂದು" ಎಂದು ಕಾಗದ ಬರೆಯುತ್ತಿದ್ದರು. ನಾವು ಹೋಗಿ ಭಕ್ತಿಯಿಂದ ರುಮಾಲು ಎಣಿಸಿ ಬರುತ್ತಿದ್ದೆವು.

ನಾನು ಬೆಳಗಾವಿಯ ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಗೋಕಾಕಿನ ಮನೆಗೆ ಬಂದಿದ್ದೆ. ಕಾಕಾ ಒಂದು ವಾರದ ಮಟ್ಟಿಗೆ ಬಂದರು. ಮೊದಲ ಸಲ ಮಾತಿನ ಪಾತ್ರ ಸಿಕ್ಕಿತ್ತು, ಗುಡಿಯ ಭಟ್ಟರದು, ಒಟ್ಟು ಮೂರು ದೃಶ್ಯ. ಆದರೆ ಮುಖದಲ್ಲಿ ಖುಷಿಯಿಲ್ಲ. ಭಟ್ಟರು ಬರಿಮೈಯಲ್ಲಿರಬೇಕು, ಎದೆಯ ಮೇಲೆ ಜನಿವಾರ ಮಾತ್ರ ಕಾಣಬೇಕು.

"ಜನಿವಾರದ ಬಾಜೂಕ ಕರಡಗಿ ಜೋತಾಡಿದ್ರ, ಆ ಭಟ್ಟ ಯಾವ ಊರಾವ ಅಂತಾರೋ ತಮ್ಮಾ?" ಎಂದರು ಅಪ್ಪ.

ಕಾಕಾನ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಹುಕ್ಕೇರಿಯ ಮನೆಮಗಳು, ನಾಲಗೆ ಸ್ವಲ್ಪ ಚುರುಕು. "ಸೊಂಟಕ್ಕ ಕಟ್ಕೋರಿ, ಧೋತರದಾಗ ಮುಚ್ಚತೈತಿ" ಎಂದರು.

"ಹೊಕ್ಕಳದ ಕೆಳಗ ಲಿಂಗ! ಹುಕ್ಕೇರ್ಯಾಗ ಇದನ್ನ ಕಲಿಸ್ಯಾರೇನವ್ವಾ?" ಎಂದರು ಆಯಿ, ಆರಿಸುತ್ತಿದ್ದ ಅಕ್ಕಿಯಿಂದ ಕಣ್ಣೆತ್ತದೆ. ಕಾಕು ಒಲೆಯ ಕಡೆ ಹೋದರು.

ಪಾತ್ರ ಬಿಟ್ಟರೆ ಕಾಕಾ ಮತ್ತೆ ಮೂರನೇ ರುಮಾಲು. ಲಿಂಗ ತೆಗೆದರೆ ಆಯಿಯ ಎದುರು ಕೂತು ಉಣ್ಣುವುದು ಹೇಗೆ? ಎರಡು ದಿನ ಅವರು ರೊಟ್ಟಿಯನ್ನು ಹರಿದು ಹರಿದು ತಾಟಿನಲ್ಲಿ ಗುಡ್ಡೆ ಹಾಕಿದರು.

ಮೂರನೆಯ ದಿನ ಕಾಕುವಿನ ಬೇಸರ ಕಳೆಯಲು ನಾನು ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳುವ ಸಿಸ್ಟರಿನ ಸೀನನ್ನು ಮಾಡಿ ತೋರಿಸಿದೆ. ಆಕೆಗೆ ವರ್ಷವಿಡೀ ನೆಗಡಿ. ಹೆಗಲ ಮೇಲೆ ಸದಾ ಉಣ್ಣೆಯ ಶಾಲು. ಪಾಠದ ನಡುವೆ ಒಂದು ಬೆರಳೆತ್ತಿ ನಮ್ಮನ್ನೆಲ್ಲ ನಿಲ್ಲಿಸುವರು, ಕಣ್ಣು ಮುಚ್ಚುವರು, ಇನ್ನೊಂದು ಕೈಯಲ್ಲಿ ಶಾಲನ್ನು ಎದೆಗೆ ಅವಚಿಕೊಳ್ಳುವರು. ಸೀನು ಬರುವುದಿಲ್ಲ. ಹೋಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ, ಹಾ... ಹಾ... ಛೀ!

ಕಾಕು ಬಿದ್ದು ಬಿದ್ದು ನಕ್ಕರು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಕಾನ ಬೆರಳು ನಿಂತಿತು.

"ಇನ್ನೊಮ್ಮಿ ಮಾಡಬೇ, ನಮ್ಮವ್ವಾ."

ಮಾಡಿದೆ. ಮತ್ತೆ ಮಾಡಿದೆ. ಉಳಿದ ದಿನಗಳಲ್ಲಿ ನಾನು ಗುರು, ಅವರು ಶಿಷ್ಯ. ಪಡಸಾಲೆಯಲ್ಲಿ ಶಾಲು ಹೊದ್ದು ಮುಂಜಾನೆಯಿಂದ ಸೀನು. ಸೀನು ಶುರುವಾದ ಮೂರನೆಯ ದಿನ ಪಕ್ಕದ ಮನೆಯ ಅತ್ತರು ವ್ಯಾಪಾರಿಯ ಹೆಂಡತಿ ಗೋಡೆಯ ಮೇಲಿಂದ ನಮ್ಮ ಅವ್ವನಿಗೆ ಒಂದು ಚಂಬು ಕಷಾಯ ಕೊಟ್ಟರು. "ಅಕ್ಕಾರ, ನಿಮ್ಮ ಮೈದುನಗ ಭಾಳ ತ್ರಾಸ ಆಗೇತಿ ಪಾಪ. ಶುಂಠಿ, ಮೆಣಸು ಹಾಕೇನಿ, ಬಿಸಿ ಬಿಸಿ ಕುಡೀಲಿ."

ಕಾಕಾ ಅದನ್ನು ಪದಕ ಸ್ವೀಕರಿಸಿದಂತೆ ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಆಯಿ ಎಲ್ಲವನ್ನೂ ನೋಡುತ್ತಿದ್ದರು. ಹೊರಡುವ ದಿನ ಕೇಳಿದರು: "ನೆಗಡಿ ಅಂದ್ರ ಶಾಲು ಹೊದಿಯಾಕ ಬಿಡ್ತಾರಂತೇನೋ ಅವರು?"

"ಬಿಡದಿದ್ರ ವಾಪಸ್ ಬರ್ತೇನಿ, ಅವ್ವಾ. ಮೂಡಲಗಿ ಸಂತ್ಯಾಗ ಬೆಲ್ಲಾ ಮಾರ್ತೇನಿ."

"ಮಾರೂದ್ರಾಗ ಅರ್ಧಾ ನೀನ ತಿಂತಿ. ಹೋಗ್ಬಾ."

ತಿಂಗಳಾದ ಮೇಲೆ ಕಾಗದ ಬಂತು. "ಭಟ್ಟನ ಕೆಲಸ ಮುಗಿಯಿತು. ಎಲ್ಲರಿಗೂ ನಮಸ್ಕಾರ." ಅಷ್ಟೇ. ಶಾಲಿನ ಮಾತಿಲ್ಲ, ಕರಡಿಗೆಯ ಮಾತಿಲ್ಲ. ಆಯಿ ಅದನ್ನು ನನ್ನಿಂದ ಮೂರು ಸಲ ಓದಿಸಿದರು. ಹಿಂಬದಿಯನ್ನೂ ನೋಡಲು ಹೇಳಿದರು.

ಮರುವರ್ಷದ ರಜೆಯಲ್ಲಿ ಆ ಸಿನೇಮಾ ಮೂಡಲಗಿಯ ಟೆಂಟಿಗೆ ಬಂತು. ಆಯಿ ಆಗ ತವರೂರು ತುಕ್ಕಾನಟ್ಟಿಯಲ್ಲಿದ್ದರು, ನಾನೂ ಕಾಕುವೂ ಅವರ ಜೊತೆಗಿದ್ದೆವು. ಜೀವಮಾನದಲ್ಲಿ ಸಿನೇಮಾ ನೋಡದವರು ತಾವೇ ಗಾಡಿ ಕಟ್ಟಿಸಿ ನನ್ನನ್ನೂ ಕಾಕುವನ್ನೂ ಹತ್ತಿಸಿಕೊಂಡು ಹೊರಟರು. ಹೆಂಗಸರ ಕಡೆ ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತರು.

ಭಟ್ಟರು ಬಂದರು. ಶಾಲು ಇತ್ತು! ಬೆರಳೆತ್ತಿದರು, ಕಣ್ಣು ಮುಚ್ಚಿದರು. ಟೆಂಟೆಲ್ಲ ನಗೆಯೋ ನಗೆ. "ಇಂವಾ ಖರೇನ ಭಟ್ಟ ಅದಾನಪಾ, ವೇಷ ಅಲ್ಲ!" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು. ಆಯಿ ನಗಲಿಲ್ಲ. ಶಾಲಿದೆ, ಸರಿ. ಅದರ ಕೆಳಗೆ?

ಮೂರನೆಯ ದೃಶ್ಯದಲ್ಲಿ ಭಟ್ಟರು ಆರತಿ ಎತ್ತಲು ಬಾಗಿದರು. ಶಾಲು ಹೆಗಲಿನಿಂದ ಜಾರಿತು. ಕಾಕು ನನ್ನ ಮೊಣಕೈ ಚಿವುಟಿದರು. ಅಷ್ಟರಲ್ಲಿ ಸೀನು ಬಂದು, ಭಟ್ಟರ ಎಡಗೈ ಛಕ್ಕನೆ ಶಾಲನ್ನು ಎದೆಗೆ ಅವಚಿತು. ಆ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಬೆರಳುಗಳ ನಡುವೆ, ಶಾಲಿನಡಿ, ಲಿಂಬೆಹಣ್ಣಿನಷ್ಟು ಉಬ್ಬು.

ಆಯಿಯ ಕೈ ತಾನಾಗಿ ತಮ್ಮ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಐತಿ" ಎಂದರು.

ಆಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿ, ಕಥೆಯಲ್ಲಿ ನಾಯಕಿ ಎಷ್ಟೇ ಅತ್ತರೂ ಆ ಕಡೆ ನೋಡದೆ ಆರಾಮಾಗಿ ಮೆಲ್ಲುತ್ತ ಕೂತರು.

ತನ್ನ ಸೀನು ಮೂಡಲಗಿಯ ಟೆಂಟಿನಲ್ಲಿ ಅಷ್ಟು ಜನರನ್ನು ನಗಿಸಿದ್ದು ಆ ಸಿಸ್ಟರಿಗೆ ಕೊನೆಗೂ ತಿಳಿಯಲಿಲ್ಲ. ಶಾಲೆ ತೆರೆದ ಮೊದಲ ದಿನ ಆಕೆ ಬೆರಳೆತ್ತಿದಾಗ ನಾನೊಬ್ಬಳೇ ಕಿಸಕ್ಕೆಂದು, ತರಗತಿಯ ಹೊರಗೆ ನಿಂತೆ.

ದೀಪಾವಳಿಗೆ ಕಾಕಾ ಊರಿಗೆ ಬಂದರು. ಹುಕ್ಕೇರಿಯ ಬೀಗರ ಮನೆಯಲ್ಲಿ ಅವರಿಗಾಗಲೇ "ನೆಗಡಿ ಭಟ್ರು" ಎಂದು ಹೆಸರು ಬಿದ್ದಿತ್ತು. ಮೊದಲ ಸೀನಿಗೇ ಧ್ವನಿ ಹಿಡಿಯುವವನು ಕಿವಿಯ ಮೇಲಿನ ಡಬ್ಬಿ ಕಿತ್ತೆಸೆದದ್ದು, ಶಾಲು ತೆಗೆಯಿರಿ ಎನ್ನುತ್ತಿದ್ದ ನಿರ್ದೇಶಕರೇ ನಕ್ಕು, ಇರಲಿ ಬಿಡ್ರಿ ಎಂದದ್ದು, ಎಲ್ಲವನ್ನೂ ಪಡಸಾಲೆಯಲ್ಲಿ ನಿಂತು ಅಭಿನಯಿಸಿ ಹೇಳಿದರು. ಕೊನೆಗೆ ಆಯಿಯ ಎದುರು ಕೂತು, ಹೊಗಳಿಕೆಗೆ ಕಾಯುವ ಹುಡುಗನ ಮುಖ ಮಾಡಿದರು.

ಆಯಿ ಅವರ ತಾಟಿಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದು ಹೇಳಿದರು:

"ನಿನ್ನ ದೇವರನ್ನೇನೋ ಉಳಿಸ್ಕೊಂಡಿ, ಖರೆ. ಆರತಿ ತಾಟಿನ ಮ್ಯಾಗ ಸೀನಿದ್ಯಲ್ಲೋ, ಆ ಗುಡಿ ದೇವರು ಏನ್ ಮಾಡಬೇಕು?"